ಎರಡು ಕೊಡ ನೀರಿನ ಮಾಯೆ

ಮುಳವಾಡದ ಕಡೆಯಿಂದ ವಿಜಯಪುರಕ್ಕೆ ಬರುವವರ ಕಣ್ಣಿಗೆ ಊರಿಗಿಂತ ಮೊದಲು ಗೋಳಗುಮ್ಮಟ ಬೀಳುತ್ತದೆ. ಸುತ್ತಲೂ ಬಟ್ಟಬಯಲಾದ ಎರೆಯ ನೆಲ. ನಡುವೆ ತಲೆಯೆತ್ತಿ ನಿಂತ ಆ ಭವ್ಯ ಗೋಲ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಗೋರಿ ಅದರ ಅಡಿಯಲ್ಲಿದೆಯೆಂಬುದನ್ನು ಶಾಲೆಯ ಹುಡುಗರೂ ಹೇಳಬಲ್ಲರು. ಅವನ ಮಗ ಎರಡನೆಯ ಅಲಿ ಆದಿಲ್‌ಶಾಹ ಪಟ್ಟಕ್ಕೆ ಬಂದ ಹೊಸದರಲ್ಲಿ, ಅಂದರೆ 1657-58ರ ಸುಮಾರಿಗೆ, ಇದೇ ಊರಿನ ಆಸ್ಥಾನಕವಿ ನುಸ್ರತಿಯು ‘ಗುಲ್ಶನ್-ಎ-ಇಶ್ಕ್’ ಎಂಬ ದೀರ್ಘ ಕಥನಕಾವ್ಯವನ್ನು ರಚಿಸಿದನೆಂಬುದು ಮಾತ್ರ ಬಹುಮಂದಿಗೆ ತಿಳಿಯದು. ಗುಮ್ಮಟವನ್ನು ನೋಡಲು ದೂರದೂರದ ಜನ ಬರುತ್ತಾರೆ. ಅದರ ನೆರಳಿನಲ್ಲಿ ಹುಟ್ಟಿದ ಕಾವ್ಯವನ್ನು ವಿಚಾರಿಸುವವರು ವಿರಳ.

ಈ ಮಾತನ್ನು ಈಗ ಎತ್ತುವುದಕ್ಕೆ ಕಾರಣವಿದೆ. ಪಟ್ಟಣದ ನಮ್ಮ ಮನೆಗಳಲ್ಲಿ ಮಕ್ಕಳು ಊಟದ ಕರೆಯನ್ನೂ ಮರೆತು ಓದುವ ಪುಸ್ತಕಗಳಲ್ಲಿ ಮಾಯಾಲೋಕದ ಇಂಗ್ಲಿಷ್ ಕಾದಂಬರಿಗಳಿಗೆ ದೊಡ್ಡ ಸ್ಥಾನವಿದೆ. 1997ರಿಂದ 2007ರವರೆಗೆ ಏಳು ಸಂಪುಟಗಳಲ್ಲಿ ಹೊರಬಂದ ಹ್ಯಾರಿ ಪಾಟರನ ಕಥೆಯಿಂದ ಈ ಗೀಳು ಬಲಿಯಿತು. ತಂದೆತಾಯಿಯರ ದೂರು ಎರಡು ಬಗೆಯದು. ಇದು ನಮ್ಮದಲ್ಲದ ಸರಕು ಎಂಬುದು ಒಂದು; ಮಂತ್ರ-ತಂತ್ರಗಳ ಹುಚ್ಚು ಎಳೆಯರ ಮನಸ್ಸನ್ನು ಕೆಡಿಸೀತು ಎಂಬುದು ಇನ್ನೊಂದು. ಮೊದಲನೆಯ ದೂರಿಗೆ ನುಸ್ರತಿಯೇ ಉತ್ತರ. ಎರಡನೆಯದು ಅಷ್ಟು ಹಗುರವಾದ ಪ್ರಶ್ನೆಯಲ್ಲ.

ನುಸ್ರತಿ ಬರೆದುದು ದಖನಿಯಲ್ಲಿ. ಇಂದಿಗೂ ವಿಜಯಪುರದ ಸಂತೆಯಲ್ಲಿ, ಟಾಂಗಾ ನಿಲ್ಲುವಲ್ಲಿ ಕಿವಿಗೆ ಬೀಳುವ ಮಾತಿನ ಹಿರಿಯ ರೂಪವದು. ಕಥೆ ಅವನದೇ ಕಲ್ಪನೆಯಲ್ಲ. 1545ರಲ್ಲಿ ಉತ್ತರದ ಸೂಫಿ ಕವಿ ಮಂಝನ್ ಅವಧಿಯಲ್ಲಿ ಬರೆದ ‘ಮಧುಮಾಲತಿ’ಯ ಹಂದರವೇ ಇಲ್ಲಿಯೂ ಇದೆ. ರಾಜನಿಗೆ ಮಕ್ಕಳಿಲ್ಲ. ಮಕ್ಕಳಿಲ್ಲದ ಮನೆಯ ಭಿಕ್ಷೆ ತನಗೆ ಬೇಡವೆಂದು ಫಕೀರನೊಬ್ಬ ಬಾಗಿಲಿನಿಂದಲೇ ಹಿಂದಿರುಗುತ್ತಾನೆ. ರಾಜ ಅವನನ್ನು ಅರಸಿಕೊಂಡು ಅಲೆದು ಪ್ರಸಾದ ಪಡೆದ ಮೇಲೆ ಹುಟ್ಟಿದವನು ಮನೋಹರ. ಎಳೆಹರೆಯದ ಆ ರಾಜಪುತ್ರ ಮಲಗಿ ನಿದ್ರಿಸುತ್ತಿರುವಾಗ ಅಪ್ಸರೆಯರು ಅವನ ಚೆಲುವನ್ನು ಕಂಡು, ಇವನಿಗೆ ಸರಿಜೋಡಿ ಯಾರೆಂಬ ಕುತೂಹಲದಿಂದ, ಮಂಚಸಹಿತ ಎತ್ತಿಕೊಂಡು ಹೋಗಿ ದೂರದೇಶದ ರಾಜಕುಮಾರಿ ಮಧುಮಾಲತಿಯ ಪಕ್ಕದಲ್ಲಿ ಇಳಿಸುತ್ತಾರೆ. ಇಬ್ಬರೂ ಎಚ್ಚರಗೊಂಡು ಮಾತಾಡುತ್ತಾರೆ, ಉಂಗುರ ಬದಲಿಸಿಕೊಳ್ಳುತ್ತಾರೆ, ಮತ್ತೆ ನಿದ್ರೆಹೋಗುತ್ತಾರೆ. ಬೆಳಗಾದಾಗ ಮನೋಹರ ತನ್ನ ಅರಮನೆಯಲ್ಲೇ ಇದ್ದಾನೆ. ಆದರೆ ಬೆರಳಿನಲ್ಲಿರುವುದು ತನ್ನ ಉಂಗುರವಲ್ಲ!

ಅಪ್ಸರೆಯರಿಗೆ ಅದು ಒಂದು ರಾತ್ರಿಯ ವಿನೋದ. ಅದರ ಬೆಲೆಯನ್ನು ತೆರುವವರು ಆ ಎಳೆಯರಿಬ್ಬರು. ಮನೋಹರ ಮನೆ ಬಿಟ್ಟು ಹೊರಡುತ್ತಾನೆ. ಕಡಲಿನಲ್ಲಿ ಹಡಗು ಒಡೆಯುತ್ತದೆ. ಸಂಗಡಿಗರನ್ನು ಕಳೆದುಕೊಂಡು ಕಾಡು ಸೇರಿ, ರಾಕ್ಷಸನ ಸೆರೆಯಲ್ಲಿದ್ದ ಚಂಪಾವತಿಯನ್ನು ಬಿಡಿಸುತ್ತಾನೆ. ಆಕೆ ಮಧುಮಾಲತಿಯ ಗೆಳತಿಯಾದ್ದರಿಂದ ಪ್ರೇಮಿಗಳು ಮತ್ತೆ ಕೂಡುತ್ತಾರೆ. ಇದನ್ನು ಕಂಡ ಮಧುಮಾಲತಿಯ ತಾಯಿ, ಕುಲಕ್ಕೆ ಕಳಂಕ ಬಂತೆಂಬ ಕೋಪದಲ್ಲಿ, ಮಂತ್ರಬಲದಿಂದ ಸ್ವಂತ ಮಗಳನ್ನೇ ಹಕ್ಕಿಯಾಗಿಸುತ್ತಾಳೆ. ಮಂಝನನ ಕಾವ್ಯದಲ್ಲಿ ಅವಳು ಬೊಗಸೆ ನೀರನ್ನು ಮಂತ್ರಿಸಿ ಮುಖಕ್ಕೆ ಎರಚುತ್ತಾಳೆ. ಹಕ್ಕಿ ಹಾರಿಹೋಗುತ್ತದೆ, ತಾಯಿಯ ಕೋಪ ಇಳಿಯುವಷ್ಟರಲ್ಲಿ ಅದು ಎಟುಕುವಂತಿಲ್ಲ. ಪರದೇಶದ ರಾಜಕುಮಾರನೊಬ್ಬ ಅದನ್ನು ಹಿಡಿದು, ಕಥೆ ಕೇಳಿ, ಮರುಗಿ, ತವರಿಗೆ ಮುಟ್ಟಿಸಿದ ಮೇಲೆಯೇ ತಾಯಿಗೆ ತನ್ನ ಮಂತ್ರವನ್ನು ಹಿಂತೆಗೆಯುವ ಅವಕಾಶ ಸಿಕ್ಕುತ್ತದೆ. ಕಥೆಯ ಸುಖಾಂತ್ಯಕ್ಕಿಂತ ಈ ಒಂದು ಪ್ರಸಂಗವೇ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ. ಮಗಳು ಕೈಮೀರಿದಳೆಂದು ಸಿಟ್ಟಾದ ತಾಯಿ ಯಾವ ಓಣಿಯಲ್ಲಿಲ್ಲ?

ಈ ಕಾವ್ಯದ ಚಿತ್ರಸಹಿತ ಹಸ್ತಪ್ರತಿಗಳಲ್ಲಿ ಹೆಸರಾದದ್ದು 1743ರಲ್ಲಿ ದಖನಿನಲ್ಲಿ ಬರೆದುದು. ತೊಂಬತ್ತಕ್ಕೂ ಹೆಚ್ಚು ವರ್ಣಚಿತ್ರಗಳಿರುವ ಅದು ಈಗ ಅಮೇರಿಕೆಯ ಫಿಲಡೆಲ್ಫಿಯಾ ಕಲಾಸಂಗ್ರಹಾಲಯದ ಸೊತ್ತು. ನಕ್ಷತ್ರ, ಮಂತ್ರ, ಯಂತ್ರಗಳನ್ನು ಕುರಿತು 1570ರಲ್ಲಿ ಇದೇ ಬಿಜಾಪುರದ ಆಸ್ಥಾನದಲ್ಲಿ ಸಿದ್ಧವಾದ ‘ನುಜೂಮ್-ಉಲ್-ಉಲೂಮ್’ ಎಂಬ ಸಚಿತ್ರ ಗ್ರಂಥ ಡಬ್ಲಿನ್ನಿನಲ್ಲಿದೆ. ನಮ್ಮ ಮಾಯೆಯೆಲ್ಲ ಏಳು ಸಮುದ್ರದಾಚೆ, ಕೀಳು ಸಮುದ್ರದಾಚೆ ಸೇರಿಕೊಂಡಿತೆಂದರೆ ಅಜ್ಜಿಕಥೆಯ ಮಾತೇ ನಿಜವಾದಂತಾಯಿತು!

ಆಸ್ಥಾನದ ಕಥೆ ಹೀಗಾದರೆ ಅಡುಗೆಮನೆಯ ಕಥೆ ಇದಕ್ಕಿಂತ ಬೇರೆ. ಎ. ಕೆ. ರಾಮಾನುಜನ್ ಅವರು 1950ರ ದಶಕದಲ್ಲಿ ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದಾಗ ಆ ಸೀಮೆಯ ಜನಪದ ಕಥೆಗಳನ್ನು ಕೂಡಿಹಾಕತೊಡಗಿದರು. ಅವರೂ ಅವರ ಸ್ನೇಹಿತರೂ ಕರ್ನಾಟಕದಲ್ಲಿ ಸಂಗ್ರಹಿಸಿದ ಕಥೆಗಳಲ್ಲಿ ಹೂಮರವಾಗುವ ಹುಡುಗಿಯದು ಒಂದು. ಅವರ ನಿಧನಾನಂತರ 1997ರಲ್ಲಿ ಪ್ರಕಟವಾದ ಇಂಗ್ಲಿಷ್ ಸಂಕಲನಕ್ಕೆ ಅದೇ ಕಥೆಯ ಹೆಸರನ್ನು ಇಟ್ಟಿದ್ದಾರೆ. ಗಿರೀಶ್ ಕಾರ್ನಾಡರು ಅದರಿಂದ 1992ರಲ್ಲಿ ‘ಚೆಲುವಿ’ ಎಂಬ ಹಿಂದಿ ಚಿತ್ರ ಮಾಡಿದರು. 2006ರಲ್ಲಿ ಅಮೇರಿಕೆಯ ಸಂಗೀತಗಾರ ಜಾನ್ ಆಡಮ್ಸ್ ಅದನ್ನು ಆಪೆರಾ ಆಗಿಸಿ ವಿಯೆನ್ನಾದಲ್ಲಿ ಪ್ರದರ್ಶಿಸಿದರು.

ಬಡವಿಯೊಬ್ಬಳಿಗೆ ಇಬ್ಬರು ಹೆಣ್ಣುಮಕ್ಕಳು. ಕೂಲಿ ಮಾಡಿ ಸವೆಯುತ್ತಿರುವ ತಾಯಿಗೆ ನೆರವಾಗಬೇಕೆಂದು ಕಿರಿಯವಳು ಅಕ್ಕನನ್ನು ಕರೆದು ಹೇಳುತ್ತಾಳೆ: ಉಗುರು ಸೋಕದಂತೆ ಎರಡು ಕೊಡ ನೀರು ತಾ, ಒಂದನ್ನು ನನ್ನ ಮೇಲೆ ಸುರಿ, ನಾನು ಮರವಾಗುತ್ತೇನೆ, ಚಿಗುರು ಮುರಿಯದಂತೆ, ಎಲೆ ಹರಿಯದಂತೆ ಹೂ ಬಿಡಿಸಿಕೋ, ಇನ್ನೊಂದನ್ನು ಸುರಿ, ಮತ್ತೆ ಹುಡುಗಿಯಾಗುತ್ತೇನೆ. ಇಷ್ಟೇ ಅವಳ ವಿದ್ಯೆ. ಇದನ್ನು ಕಲಿಸುವ ಮಾಂತ್ರಿಕರ ಶಾಲೆಯಿಲ್ಲ, ಕೈಯಲ್ಲಿ ಮಂತ್ರದಂಡವಿಲ್ಲ. ಹೂ ಮಾರಿ ಮನೆ ನಡೆಯುತ್ತದೆ. ರಾಜಪುತ್ರ ಮರೆಯಲ್ಲಿ ನಿಂತು ನೋಡಿ, ಹಟ ಹಿಡಿದು ಅವಳನ್ನೇ ಮದುವೆಯಾಗುತ್ತಾನೆ; ಆದರೆ ಅವನಿಗೂ ಇರುಳಿರುಳೂ ಅವಳು ಮರವಾಗಿ ತೋರಿಸಬೇಕು. ಬೆಳಗಿನಲ್ಲಿ ಬಾಡಿದ ಹೂವಿನ ರಾಶಿ ಕಂಡ ನಾದಿನಿಗೆ ಸಂಶಯ. ಅತ್ತಿಗೆಯನ್ನು ಪುಸಲಾಯಿಸಿ ಗೆಳತಿಯರೊಡನೆ ತೋಟಕ್ಕೆ ಕರೆದೊಯ್ದು, ಒತ್ತಾಯದಿಂದ ಮರವಾಗಿಸಿ, ಕೊಂಬೆಗಳನ್ನು ಮನಬಂದಂತೆ ಮುರಿದು, ಮಳೆಯ ಸೂಚನೆ ಕಂಡೊಡನೆ ಎರಡನೆಯ ಕೊಡವನ್ನು ಅರೆಬರೆ ಚೆಲ್ಲಿ ಓಡುತ್ತಾಳೆ. ಉಳಿದದ್ದು ಕೈಯಿಲ್ಲದ, ಕಾಲಿಲ್ಲದ, ಅರ್ಧಮರ ಅರ್ಧಮನುಷ್ಯಳಾದ ಒಂದು ದೇಹ.

ಅವಳನ್ನು ಎತ್ತಿಕೊಂಡವನು ಯಾರು? ಹತ್ತಿ ತುಂಬಿದ ಬಂಡಿಯವನು. ದಾರಿಯ ಬದಿಯ ನರಳಾಟ ಕೇಳಿ, ಇಳಿದು ನೋಡಿ, ಬಂಡಿಯಲ್ಲಿ ಹಾಕಿಕೊಂಡು ಹೋಗುತ್ತಾನೆ. ಹತ್ತಿಯ ಬಂಡಿ ಹೊಡೆದ ಎರೆಯ ಸೀಮೆಯ ರೈತನಿಗೆ ಈ ಮಾತಿನಲ್ಲಿ ಮಾಯೆಯೇನೂ ಕಾಣದು. ಇಡೀ ಕಥೆಯಲ್ಲಿ ಮನುಷ್ಯನಾಗಿ ನಡೆದುಕೊಂಡವನು ಅವನೇ. ಮುಂದೆ ಬೈರಾಗಿಯಾಗಿ ಅಲೆದ ರಾಜಪುತ್ರನಿಗೆ ಅವಳು ಸಿಕ್ಕುತ್ತಾಳೆ. ತನಗೆ ಒದಗಿದ್ದನ್ನು ಅವಳು ತಾನೇ ಹೇಳುತ್ತಾಳೆ, ಮಾಡಬೇಕಾದ್ದನ್ನೂ ಹೇಳುತ್ತಾಳೆ. ಅವನು ಒಂದು ಕೊಡ ಸುರಿದು, ಮುರಿದ ಕೊಂಬೆಗಳನ್ನು ಜೋಡಿಸಿ ಕಟ್ಟಿ, ಎರಡನೆಯದನ್ನು ಸುರಿಯುತ್ತಾನೆ. ಹುಡುಗಿ ಇಡಿಯಾಗುತ್ತಾಳೆ. ಇಷ್ಟು ದಿನ ಹೂ ನೋಡಿ ಹಿಗ್ಗಿದ ಗಂಡ ಮೊದಲ ಬಾರಿಗೆ ಮರದ ಆರೈಕೆ ಕಲಿತನೆನ್ನಬೇಕು.

ಕಾರ್ನಾಡರ ‘ನಾಗಮಂಡಲ’ (1988) ಇಂಥದೇ ಮೂಲದಿಂದ ಬಂದದ್ದು. ಅಲ್ಲಿ ರಾಣಿಯೆಂಬ ಎಳೆಯ ಹೆಂಡತಿ ಗಂಡನಿಗೆಂದು ಅರೆದ ಬೇರಿನ ಮದ್ದು ಹುತ್ತಕ್ಕೆ ಬಿದ್ದು ನಾಗನನ್ನು ತಂದು ಬಾಗಿಲಲ್ಲಿ ನಿಲ್ಲಿಸುತ್ತದೆ. ಕಂಬಾರರ ‘ಸಿರಿಸಂಪಿಗೆ’ಯಲ್ಲಿ ರಾಜಕುಮಾರ ತನ್ನ ದೇಹವನ್ನೇ ಎರಡು ಪಾಲು ಮಾಡಿಸಿಕೊಳ್ಳುತ್ತಾನೆ, ಅದಕ್ಕೆ 1991ರ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಬಂದಿತು. 1949ರಲ್ಲಿ ಕನ್ನಡಕ್ಕೆ ಬಂದು ಈ ಶತಮಾನದ ಎರಡನೆಯ ದಶಕದಲ್ಲಿ ನಿಂತುಹೋದ ‘ಚಂದಮಾಮ’ದ ಬೇತಾಳನನ್ನು ನೆನೆಯದ ಹಿರಿಯರಿಲ್ಲ, ಮೌನ ಮುರಿದರೆ ಶವ ಮರಕ್ಕೆ ಮರಳುವುದು ಅಲ್ಲಿಯ ಕಟ್ಟಳೆ.

ಪಾಶ್ಚಾತ್ಯ ಕೃತಿಗಳಲ್ಲಿಯೂ ಉತ್ತಮವಾದವು ಈ ಕಟ್ಟಳೆಯನ್ನು ಬಿಟ್ಟಿಲ್ಲ. ಉರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ ಅರ್ಥ್‌ಸೀ ಕಾದಂಬರಿಯ ಹುಡುಗ ಗೆಡ್, ಸಹಪಾಠಿಯೆದುರು ಬಿಂಕ ತೋರಿಸಲು ಹೋಗಿ ಒಂದು ನೆರಳನ್ನು ಲೋಕಕ್ಕೆ ಬಿಡುತ್ತಾನೆ. ಪುಸ್ತಕವೆಲ್ಲ ಅದರ ಪರಿಹಾರಕ್ಕೆ ಸಲ್ಲುತ್ತದೆ. ಅವನು ತನ್ನ ತಪ್ಪಿಗೆ ತಾನು ತೆರುತ್ತಾನೆ. ನಮ್ಮ ಕಥೆಗಳು ಇನ್ನೂ ನಿಷ್ಠುರ. ಇಲ್ಲಿ ಅಪ್ಸರೆಯರ ಕುತೂಹಲಕ್ಕೆ, ತಾಯಿಯ ಮಾನಕ್ಕೆ, ಗಂಡನ ಚಪಲಕ್ಕೆ, ನಾದಿನಿಯ ಹುಡುಗಾಟಕ್ಕೆ ತೆರುವವಳು ಹುಡುಗಿ. ಮಂತ್ರ ಕೆಟ್ಟದ್ದಲ್ಲ, ಅದು ಯಾರ ಕೈಯಲ್ಲಿದೆ, ಯಾವ ಹೊತ್ತಿನಲ್ಲಿದೆ ಎಂಬುದನ್ನೇ ಕಥೆ ಗಮನಿಸುತ್ತದೆ. ಇಂಥ ಕಥೆ ಓದಿದ ಮಗು ಮಂತ್ರಕ್ಕೆ ಮರುಳಾದೀತೆಂಬ ಭಯಕ್ಕೆ ನನಗೆ ಆಧಾರ ಕಾಣದು. ಬೆಲೆಯಿಲ್ಲದೆ ಎಲ್ಲವೂ ಕೈಗೂಡುವ ಕಥೆಗಳು ಬೇರೆ. ಅವನ್ನು ಮನೆಗೆ ತರದಿದ್ದರೆ ನಷ್ಟವಿಲ್ಲ.

ಹೂಮರದ ಕಥೆಯ ಕೊನೆಯನ್ನು ಮಾತ್ರ ಇನ್ನೂ ಹೇಳಿಲ್ಲ. ರಾಮಾನುಜನ್ ಕೊಟ್ಟ ಪಾಠದಲ್ಲಿ, ನಡೆದುದೆಲ್ಲ ತಿಳಿದ ರಾಜ ತನ್ನ ಕಿರಿಯ ಮಗಳನ್ನು, ಅಂದರೆ ಆ ನಾದಿನಿಯನ್ನು, ಕುದಿಯುವ ಸುಣ್ಣದ ಗುಂಡಿಗೆ ಎಸೆಯುತ್ತಾನೆ. ಮಕ್ಕಳಿಗೆ ಹೇಳುವಾಗ ಇದನ್ನು ಬಿಟ್ಟುಬಿಡುವುದೇ ಲೇಸೆಂದು ಅನೇಕರ ಮತ. ಬಿಡಬಾರದೆಂದು ನನ್ನ ಎಣಿಕೆ. ಕೊಂಬೆ ಮುರಿದವಳೂ ಇನ್ನೂ ಹುಡುಗಿಯೇ; ಅವಳ ಅಪರಾಧಕ್ಕಿಂತ ತಂದೆಯ ತೀರ್ಪು ಕಡಮೆ ಕ್ರೂರವೇ ಎಂದು ಮಕ್ಕಳೇ ಕೇಳಲಿ. ಮಧುಮಾಲತಿಯ ತಾಯಿಗೆ ಮಂತ್ರ ಹಿಂತೆಗೆಯಲು ದಾರಿಯಿತ್ತು. ಈ ತಂದೆಗೆ ಇಲ್ಲ.

ತರಗತಿಯಲ್ಲಿ ಒಮ್ಮೆ ಈ ಕಥೆ ಹೇಳಿದಾಗ ಹುಡುಗರು ರಾಜನ ತೀರ್ಪು ಸರಿಯೆಂದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು, “ಆಕೀಗೂ ಎರಡು ಕೊಡ ನೀರು ಹಾಕಬಹುದಿತ್ತಲ್ಲರಿ, ಸರ್?” ಎಂದಳು. ಅವಳ ಪಕ್ಕದವಳು, ಮನೆಗೆ ಸುಣ್ಣ ಬಳಿದು ಬಲ್ಲವಳಿರಬೇಕು, ಮೆಲ್ಲಗೆ ಹೇಳಿದಳು: “ಸುಣ್ಣದಾಗ ನೀರು ಬಿದ್ದರ ಮತ್ತಷ್ಟು ಕುದೀತೈತಿ.”