ತೆಂಗಿನ ಬೇರಿನೊಳಗಿನ ನೆರವಿಗರು

ದಬ್ಬೇಘಟ್ಟ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗೇ ಸಂಸಾರದ ಆಧಾರ. ಸಸಿ ನೆಟ್ಟವರು ಫಸಲಿಗಾಗಿ ಹಲವು ವರ್ಷ ಕಾಯಬೇಕು. ಹೀಗೆ ಸಾಕಿದ ಮರ ಬರಗಾಲದಲ್ಲಿ ಸೊರಗಿದರೆ ಇಲ್ಲವೆ ಅಣಬೆ ರೋಗಕ್ಕೆ ತುತ್ತಾದರೆ ಆಗುವ ನಷ್ಟ ಒಂದು ವರ್ಷದ್ದಲ್ಲ. ಮರಕ್ಕೆ ಬೇರಿನೊಳಗೇ ಇದ್ದು ನೆರವಾಗುವ ಸೂಕ್ಷ್ಮಜೀವಿಗಳಿವೆ. ಇವುಗಳನ್ನು ಸಸಿಯಾಗಿದ್ದಾಗಲೇ ಸೇರಿಸಿ, ಮುಂದೆ ತೋಟದಲ್ಲಿ ಉಳಿಸಿಕೊಳ್ಳುವುದು ಲೇಸು.

ತೆಂಗಿಗೆ ಏಕೆ ಬೇಕು?

ತೆಂಗಿಗೆ ತಾಯಿಬೇರಿಲ್ಲ, ಬೇರುಗಳಲ್ಲಿ ರೋಮಗಳೂ ಇಲ್ಲ. ಆದ್ದರಿಂದ ಮಣ್ಣಿನಲ್ಲಿರುವ ರಂಜಕವನ್ನು ಹೀರಿಕೊಳ್ಳಲು ಅದಕ್ಕೆ ಸಹಾಯ ಬೇಕು. ಈ ಕೆಲಸ ಮಾಡುವುದು ಮೈಕೊರೈಜ ಎಂಬ ಶಿಲೀಂಧ್ರ. ಇದು ಬೇರಿನ ಜೀವಕೋಶಗಳೊಳಗೆ ಕವಲೊಡೆದು ನೆಲೆಸುತ್ತದೆ. ಕೂದಲಿಗಿಂತ ತೆಳುವಾದ ಎಳೆಗಳನ್ನು ಮಣ್ಣಿಗೆ ಚಾಚಿ ರಂಜಕ, ಸತುವು ಮತ್ತು ನೀರನ್ನು ಒದಗಿಸುತ್ತದೆ. ಪ್ರತಿಯಾಗಿ ಮರದಿಂದ ಸಕ್ಕರೆ ಪಡೆಯುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ಡಿ. ಜೆ. ಭಾಗ್ಯರಾಜ್ ಅವರು ಈ ಶಿಲೀಂಧ್ರವನ್ನು ಕುರಿತು ದೀರ್ಘಕಾಲ ಸಂಶೋಧನೆ ನಡೆಸಿದರು.

ರಾಗಿ ಕಲಿಸಿದ ಪಾಠ

ಬೇರಿನೊಳಗಿನ ಜೀವಿಗಳು ರೋಗವನ್ನೂ ತಡೆಯಬಲ್ಲವು. ಇದಕ್ಕೆ ನಮ್ಮ ರಾಗಿಯೇ ಸಾಕ್ಷಿ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಫ್ಯುಸೇರಿಯಂ ಎಂಬ ರೋಗಕಾರಕ ಶಿಲೀಂಧ್ರ ಸಮೀಪಿಸಿದಾಗ ರಾಗಿ ಬೇರಿನೊಳಗಿನ ಒಂದು ದುಂಡಾಣು ಅದರತ್ತ ಸಾಗಿ, ಬೇರುರೋಮಗಳ ನಡುವೆ ಪದರಪದರವಾಗಿ ತಡೆಗೋಡೆ ಕಟ್ಟುತ್ತದೆ. ಅಲ್ಲಿ ಸಿಕ್ಕಿಕೊಂಡ ಶಿಲೀಂಧ್ರ ಸಾಯುತ್ತದೆ. ಈ ದುಂಡಾಣು ತೆಂಗಿನ ರೋಗಕ್ಕೆ ಮದ್ದಲ್ಲ. ಆದರೆ ಬೇರಿನೊಳಗೂ ಕಾವಲುಗಾರರಿರುತ್ತಾರೆ ಎಂಬುದಕ್ಕೆ ಇದು ನಿದರ್ಶನ.

ತೆಂಗಿಗೆ ಏನು ಕೊಡಬೇಕು?

ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ತೆಂಗಿನ ಸಸಿಗಳಿಗಾಗಿ ಮೈಕೊರೈಜದ 'ಕೇರಾಮ್' ಹಾಗೂ ಬ್ಯಾಸಿಲಸ್ ದುಂಡಾಣುವಿನ 'ಕೇರಾ ಪ್ರೋಬಯೋ' ಎಂಬ ಜೈವಿಕ ಗೊಬ್ಬರಗಳನ್ನು ಸಿದ್ಧಪಡಿಸಿದೆ. ಇವನ್ನು ಸಸಿಮಡಿಯಲ್ಲಿ ಬೇರಿಗೆ ತಾಗುವಂತೆ ಹಾಕಬೇಕು. ಪ್ರಮಾಣವನ್ನು ಪೊಟ್ಟಣದ ಮೇಲೆ ನೋಡಿಕೊಳ್ಳಿ.

ಬೆಳೆದ ಮರಗಳಲ್ಲಿ ಅಣಬೆ ರೋಗದ ಭಯವಿದ್ದರೆ, ವರ್ಷಕ್ಕೊಮ್ಮೆ ಮರವೊಂದಕ್ಕೆ 5 ಕಿ.ಗ್ರಾಂ ಬೇವಿನ ಹಿಂಡಿಗೆ 50 ಗ್ರಾಂ ಟ್ರೈಕೋಡರ್ಮ ಬೆರೆಸಿ ಪಾತಿಗೆ ಹಾಕಿ. ಟ್ರೈಕೋಡರ್ಮ ಬೇರಿನ ಸುತ್ತ ನೆಲೆಸಿ ರೋಗಕಾರಕವನ್ನು ಹತ್ತಿಕ್ಕುತ್ತದೆ. ಬುಡದಲ್ಲಿ ಕೆಂಪುಮಿಶ್ರಿತ ಕಂದು ರಸ ಸೋರುತ್ತಿದ್ದರೆ ಇಷ್ಟೇ ಸಾಲದು. ಕೂಡಲೇ ತಜ್ಞರಿಗೆ ತೋರಿಸಿ.

ನೆನಪಿಡಿ

1. ಜೈವಿಕ ಗೊಬ್ಬರವನ್ನು ಶಿಲೀಂಧ್ರನಾಶಕ ಅಥವಾ ರಾಸಾಯನಿಕ ಗೊಬ್ಬರದೊಂದಿಗೆ ಬೆರೆಸಬೇಡಿ.
2. ಮಣ್ಣು ಪರೀಕ್ಷೆ ಮಾಡಿಸದೆ ರಂಜಕ ಸುರಿಯಬೇಡಿ. ರಂಜಕ ಅತಿಯಾದರೆ ಮೈಕೊರೈಜ ಕ್ಷೀಣಿಸುತ್ತದೆ.
3. ಮೈಕೊರೈಜ ಜೀವಂತ ಬೇರಿಲ್ಲದೆ ಬೆಳೆಯಲಾರದು. ತೋಟವನ್ನು ಪದೇ ಪದೇ ಉಳುವ ಬದಲು ಮರಗಳ ನಡುವೆ ಹುರುಳಿ, ಅಲಸಂದೆ ಬಿತ್ತಿ.
4. ಪೊಟ್ಟಣವನ್ನು ನೆರಳಿನಲ್ಲಿಡಿ, ಅವಧಿಯೊಳಗೆ, ಮಣ್ಣು ಹಸಿಯಾಗಿದ್ದಾಗ ಬಳಸಿ.

ಹೆಚ್ಚಿನ ವಿವರಗಳಿಗೆ ತಿಪಟೂರು ತಾಲ್ಲೂಕು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ.