ಓಲ್ಡ್ ಕೋರ್ಸಿನ ಗಾಳಿ, ಬುಕ್ಕಿಯ ಲೆಕ್ಕ

2027ರ ಜುಲೈ ತಿಂಗಳ ಓಪನ್ ಗಾಲ್ಫ್ ಚಾಂಪಿಯನ್‌ಷಿಪ್ ಸ್ಕಾಟ್ಲೆಂಡ್‌ನ ಸೇಂಟ್ ಆಂಡ್ರೂಸ್‌ಗೆ ನಿಗದಿಯಾಗಿದೆ. 1860ರಲ್ಲಿ ಪ್ರೆಸ್ಟ್‌ವಿಕ್‌ನಲ್ಲಿ ಎಂಟೇ ಮಂದಿ ವೃತ್ತಿಪರರೊಂದಿಗೆ ಆರಂಭವಾದ ಈ ಟೂರ್ನಿಗೆ ಅದು 155ನೆಯ ಆವೃತ್ತಿ. ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಎಂದರೆ ಗಾಲ್ಫ್ ಪ್ರೇಮಿಗಳಿಗೆ ತೀರ್ಥಕ್ಷೇತ್ರ. ಬ್ರಿಟನ್ನಿನ ಬಾಜಿ ಅಂಗಡಿಗಳಿಗೆ ಅದು ಸುಗ್ಗಿ. ಅಲ್ಲಿ 1961ರಿಂದ ಬೀದಿಬದಿಯ ಬಾಜಿ ಅಂಗಡಿಗಳಿಗೆ ಕಾನೂನಿನ ಒಪ್ಪಿಗೆಯಿದೆ. ಓಪನ್ ಬಂತೆಂದರೆ ಪತ್ರಿಕೆಗಳ ಕ್ರೀಡಾಪುಟದಲ್ಲಿ ‘ಯಾರ ಮೇಲೆ ಹಣ ಕಟ್ಟಬೇಕು’ ಎಂಬ ಲೇಖನಗಳು ತಪ್ಪದೆ ಪ್ರಕಟವಾಗುತ್ತವೆ. ಅವನ್ನು ವರ್ಷಗಳಿಂದ ಆಸಕ್ತಿಯಿಂದ ಓದುತ್ತ ಬಂದವನು ನಾನು. ಪ್ರತಿ ವರ್ಷ ನೋಟ್‌ಪುಸ್ತಕವೊಂದರಲ್ಲಿ ಐದು ಹೆಸರುಗಳನ್ನೂ, ಆ ದಿನದ ದರವನ್ನೂ ಬರೆದಿಡುವ ಚಟವೂ ಉಂಟು. ಹಣ ಮಾತ್ರ ಕಟ್ಟುವುದಿಲ್ಲ. ಏಕೆ ಕಟ್ಟುವುದಿಲ್ಲ ಎಂಬುದನ್ನು ಹೇಳುವ ಮೊದಲು, ಕಟ್ಟುವವರು ಏನನ್ನು ನೋಡುತ್ತಾರೆ ಎಂಬುದನ್ನು ಹೇಳಬೇಕು. ಅದು ನಿಜಕ್ಕೂ ಸ್ವಾರಸ್ಯಕರವಾದ ವಿದ್ಯೆ.

ಕ್ರಿಕೆಟ್ ಪಂದ್ಯದಲ್ಲಿ ಎರಡೇ ತಂಡಗಳು. ಓಪನ್ ಅಂಗಳಕ್ಕೆ ಇಳಿಯುವವರು 156 ಮಂದಿ. ಎರಡು ದಿನಗಳ ಆಟದ ಬಳಿಕ ಮೊದಲ ಎಪ್ಪತ್ತು ಸ್ಥಾನಗಳಲ್ಲಿರುವವರು ಉಳಿದು, ಮಿಕ್ಕವರು ಮನೆಗೆ ಹೊರಡುತ್ತಾರೆ. ಇಷ್ಟು ಜನರ ನಡುವೆ ಒಬ್ಬನನ್ನು ಆರಿಸುವುದೆಂದರೆ, ಅತ್ಯುತ್ತಮ ಆಟಗಾರನನ್ನು ಆರಿಸಿದವನೂ ಹೆಚ್ಚಿನ ವಾರ ಸೋಲುತ್ತಾನೆ. ಟೈಗರ್ ವುಡ್ಸ್ 1999ರ ಆಗಸ್ಟ್‌ನಿಂದ 2002ರ ಜೂನ್‌ವರೆಗಿನ ಹನ್ನೊಂದು ಮೇಜರ್‌ಗಳಲ್ಲಿ ಏಳನ್ನು ಗೆದ್ದರು. ಈ ಆಟದಲ್ಲಿ ಅಂತಹ ಕಾಲ ಮತ್ತೆ ಬಂದಿಲ್ಲ. ಅದೇ ವುಡ್ಸ್ 2002ರ ಜುಲೈನಲ್ಲಿ, ಆ ವರ್ಷದ ಮೊದಲೆರಡು ಮೇಜರ್‌ಗಳನ್ನು ಗೆದ್ದ ಗುಂಗಿನಲ್ಲಿ ಮ್ಯೂರ್‌ಫೀಲ್ಡ್‌ಗೆ ಹೋದಾಗ, ಶನಿವಾರ ಮಧ್ಯಾಹ್ನ ಬಿರುಗಾಳಿ ಮಳೆ ಒಟ್ಟಿಗೆ ಬಂದು 81 ಹೊಡೆತಗಳಲ್ಲಿ ಆ ಸುತ್ತು ಮುಗಿಸಬೇಕಾಯಿತು. ಮರುವರ್ಷ ರಾಯಲ್ ಸೇಂಟ್ ಜಾರ್ಜಸ್‌ನಲ್ಲಿ ಗೆದ್ದವರು ಬೆನ್ ಕರ್ಟಿಸ್. ವಿಶ್ವ ಕ್ರಮಾಂಕ 396, ಆಡುತ್ತಿದ್ದುದು ಮೊದಲ ಮೇಜರ್. ಅವರ ಮೇಲೆ ಹಣ ಕಟ್ಟಿದವರು ಸಿಕ್ಕಿದ್ದರೆ ಅವರು ಕರ್ಟಿಸ್ ಅವರ ಬಂಧುಗಳೇ ಇರಬೇಕು.

ಹಾಗೆಂದು ಎಲ್ಲವೂ ಲಾಟರಿಯಲ್ಲ. ಓಪನ್‌ನಲ್ಲಿ ಎಲ್ಲ ಆಟಗಾರರೂ ಮೊದಲನೆಯ ಕುಳಿಯಿಂದಲೇ ಹೊರಡುತ್ತಾರೆ. ಹಾಗಾಗಿ ಮೊದಲ ತಂಡ ಬೆಳಗಿನ ಆರೂವರೆಯ ಸುಮಾರಿಗೆ ಹೊರಟರೆ, ಕೊನೆಯದು ಸಂಜೆ ನಾಲ್ಕರ ಆಸುಪಾಸಿಗೆ. ಗುರುವಾರ ಬೆಳಿಗ್ಗೆ ಆಡಿದವರು ಶುಕ್ರವಾರ ಮಧ್ಯಾಹ್ನ ಆಡುತ್ತಾರೆ, ಗುರುವಾರ ಮಧ್ಯಾಹ್ನ ಆಡಿದವರು ಶುಕ್ರವಾರ ಬೆಳಿಗ್ಗೆ. ಸಮುದ್ರತೀರದ ಗಾಳಿ ಈ ಎರಡು ಗುಂಪುಗಳನ್ನು ಸಮನಾಗಿ ಕಾಣುವುದಿಲ್ಲ. 2010ರಲ್ಲಿ ಇದೇ ಓಲ್ಡ್ ಕೋರ್ಸಿನಲ್ಲಿ ರೋರಿ ಮೆಕಿಲ್‌ರಾಯ್ ಗುರುವಾರ 63 ಹೊಡೆತಗಳಲ್ಲಿ ಸುತ್ತು ಮುಗಿಸಿ ಜಗತ್ತನ್ನು ಬೆರಗುಗೊಳಿಸಿದರು. ಶುಕ್ರವಾರ ಅದೇ ಹುಡುಗ, ಅದೇ ಅಂಗಳ, 80 ಹೊಡೆತ. ನಡುವೆ ಗಾಳಿಯ ರಭಸಕ್ಕೆ ಚೆಂಡುಗಳು ಗ್ರೀನಿನ ಮೇಲೆ ನಿಲ್ಲದೆ ಆಟವನ್ನೇ ನಿಲ್ಲಿಸಬೇಕಾಯಿತು. ಅಂದು ಮುಂಜಾನೆಯೇ ಹೊರಟಿದ್ದ ದಕ್ಷಿಣ ಆಫ್ರಿಕಾದ ಲೂಯಿ ಊಸ್ಟ್‌ಹೈಜನ್ 67ರಲ್ಲಿ ಮುಗಿಸಿ, ಭಾನುವಾರ ಏಳು ಹೊಡೆತಗಳ ಅಂತರದಿಂದ ಗೆದ್ದರು. ವಾರದ ಆರಂಭದಲ್ಲಿ ಅವರ ದರ ಒಂದಕ್ಕೆ ಇನ್ನೂರರ ಆಸುಪಾಸಿನಲ್ಲಿತ್ತು. ಇದು ಬರೀ ಅದೃಷ್ಟವೇ ಎಂದು ಕೇಳಿದರೆ, ಐದು ವರ್ಷದ ಬಳಿಕ ಓಪನ್ ಅದೇ ಅಂಗಳಕ್ಕೆ ಬಂದಾಗ ಅದೇ ಊಸ್ಟ್‌ಹೈಜನ್ ಪ್ಲೇಆಫ್‌ವರೆಗೆ ಬಂದು ಜ್ಯಾಕ್ ಜಾನ್ಸನ್‌ಗೆ ಸೋತದ್ದನ್ನು ನೆನೆಯಬೇಕು. ಕೆಲವರಿಗೆ ಕೆಲವು ಅಂಗಳಗಳು ಒಲಿಯುತ್ತವೆ.

ಓಲ್ಡ್ ಕೋರ್ಸ್ ಒಲಿಯುವುದು ಯಾರಿಗೆ? ಮೇಲ್ನೋಟಕ್ಕೆ ಅದು ಬಟಾಬಯಲು. ಮರಗಳಿಲ್ಲ. ಮೊದಲ ಮತ್ತು ಕೊನೆಯ ಕುಳಿಗಳ ದಾರಿಯನ್ನು ಊರಿನ ರಸ್ತೆಯೊಂದು ಅಡ್ಡ ಹಾಯುತ್ತದೆ. ಮಾಮೂಲಿ ಭಾನುವಾರಗಳಂದು ಆಟಕ್ಕೆ ರಜೆ, ಊರ ಜನ ನಾಯಿ ಹಿಡಿದು ತಿರುಗಾಡುತ್ತಾರೆ. ಆದರೆ ನೂರಕ್ಕೂ ಹೆಚ್ಚು ಬಂಕರ್‌ಗಳು ಆ ಬಯಲಿನಲ್ಲಿ ಬಾವಿಗಳಂತೆ ಅಡಗಿ ಕುಳಿತಿವೆ. 2000ದ ಓಪನ್‌ನಲ್ಲಿ ವುಡ್ಸ್ ನಾಲ್ಕು ದಿನ ಆಡಿ ಒಂದರಲ್ಲೂ ಬೀಳಲಿಲ್ಲ, ಎಂಟು ಹೊಡೆತಗಳಿಂದ ಗೆದ್ದರು. ಹದಿನೇಳನೆಯ ಕುಳಿಯ ರೋಡ್ ಬಂಕರ್‌ಗೆ 1978ರಲ್ಲಿ ಜಪಾನಿನ ನಕಾಜಿಮಾ ಪಟ್ ಮಾಡುವಾಗ ಚೆಂಡನ್ನು ಉರುಳಿಸಿಕೊಂಡು, ಆ ಒಂದು ಕುಳಿಗೆ ಒಂಬತ್ತು ಹೊಡೆತ ತೆತ್ತರು. ಇಲ್ಲಿನ ಹೆಚ್ಚಿನ ಗ್ರೀನ್‌ಗಳು ಎರಡೆರಡು ಕುಳಿಗಳಿಗೆ ಸೇರಿದ ಜೋಡಿ ಗ್ರೀನ್‌ಗಳು. ಗ್ರೀನ್ ತಲುಪುವುದು ಸುಲಭ, ತಲುಪಿದ ಮೇಲೆ ಮೂವತ್ತು ಗಜ ದೂರದಿಂದ ಪಟ್ ಮಾಡುವುದು ಕಷ್ಟ. 2022ರ ಕೊನೆಯ ದಿನ ಮೆಕಿಲ್‌ರಾಯ್ ಹದಿನೆಂಟು ಗ್ರೀನ್‌ಗಳನ್ನೂ ಲೆಕ್ಕದಂತೆ ತಲುಪಿದರು. ಆದರೆ ಮೂವತ್ತಾರು ಪಟ್‌ಗಳನ್ನು ಮಾಡಿ 70ಕ್ಕೆ ನಿಂತರು. ಆಸ್ಟ್ರೇಲಿಯಾದ ಕ್ಯಾಮರಾನ್ ಸ್ಮಿತ್ ಹತ್ತರಿಂದ ಹದಿನಾಲ್ಕರವರೆಗೆ ಸತತ ಐದು ಬರ್ಡಿ ಗಳಿಸಿ 64ರಲ್ಲಿ ಮುಗಿಸಿ ಟ್ರೋಫಿ ಎತ್ತಿಕೊಂಡು ಹೋದರು. ದೂರಕ್ಕೆ ಬಡಿಯುವವನಿಗಿಂತ ದೂರದಿಂದ ಪಟ್ ಮಾಡಬಲ್ಲವನನ್ನು ಹುಡುಕು ಎಂಬುದು ಇದರಿಂದ ನಾನು ಕಲಿತ ಪಾಠ.

ಇನ್ನು ದರದ ಮಾತು. ಬೆಂಗಳೂರಿನ ರೇಸ್‌ಕೋರ್ಸ್ ಕಿಟಕಿಯ ಮುಂದೆ ನಿಂತವರಿಗೆ ‘ವಿನ್’, ‘ಪ್ಲೇಸ್’ ಹೊಸತಲ್ಲ. ಗಾಲ್ಫ್ ಬಾಜಿಯಲ್ಲಿ ಬಹುಜನಪ್ರಿಯವಾದ ‘ಈಚ್ ವೇ’ ಈ ಎರಡರ ಜೋಡಿ. ಒಬ್ಬನ ದರ ಒಂದಕ್ಕೆ ಐವತ್ತು ಎನ್ನೋಣ. ಅವನ ಮೇಲೆ ಗೆಲುವಿಗೆ ಐದು ಪೌಂಡ್, ಸ್ಥಾನಕ್ಕೆ ಐದು ಪೌಂಡ್, ಒಟ್ಟು ಹತ್ತು ಕಟ್ಟಿದಿರಿ. ಅವನು ಗೆಲ್ಲದೆ ಮೊದಲ ಐದರೊಳಗೆ ಬಂದರೆ, ಗೆಲುವಿನ ಐದು ಮುಳುಗುತ್ತದೆ. ಸ್ಥಾನದ ಐದಕ್ಕೆ ಐದನೆಯ ಒಂದು ಭಾಗದ ದರ, ಅಂದರೆ ಒಂದಕ್ಕೆ ಹತ್ತು. ಕೈಗೆ ಬರುವುದು ಐವತ್ತೈದು. 2010ರಲ್ಲಿ 80 ಹೊಡೆದ ಮೆಕಿಲ್‌ರಾಯ್ ಕೊನೆಗೆ ಮೂರನೆಯ ಸ್ಥಾನ ಹಂಚಿಕೊಂಡದ್ದರಿಂದ, ಶುಕ್ರವಾರ ತಲೆ ಮೇಲೆ ಕೈ ಹೊತ್ತವರು ಭಾನುವಾರ ಸಮಾಧಾನದಿಂದ ಮನೆಗೆ ಹೋದರು. ಆದರೆ ಸ್ಥಾನಗಳ ಕಟ್ಟಕಡೆಯಲ್ಲಿ ಸಮಬಲವಾದರೆ ಹಣವನ್ನು ಭಾಗ ಮಾಡುತ್ತಾರೆ ಎಂಬ ಸಣ್ಣಕ್ಷರದ ನಿಯಮವನ್ನು ಹೊಸಬರು ಓದಿರುವುದಿಲ್ಲ. 2023ರ ಹಾಯ್‌ಲೇಕ್ ಓಪನ್‌ನಲ್ಲಿ ನಮ್ಮ ಶುಭಂಕರ್ ಶರ್ಮಾ ಎಂಟನೆಯ ಸ್ಥಾನ ಹಂಚಿಕೊಂಡು ಭಾರತೀಯರ ಮಟ್ಟಿಗೆ ಓಪನ್‌ನಲ್ಲಿ ಅತ್ಯುತ್ತಮ ಸಾಧನೆ ಮಾಡಿದರಲ್ಲ, ಎಂಟು ಸ್ಥಾನದವರೆಗೆ ಹಣ ಕೊಡುವ ಅಂಗಡಿಯಲ್ಲಿ ಅವರನ್ನು ನಂಬಿದವರಿಗೂ ಈ ಕತ್ತರಿಯೇ ಕಾದಿತ್ತು.

ಈಗ ಬುಕ್ಕಿಯ ಲೆಕ್ಕಕ್ಕೆ ಬರೋಣ. ಒಂದಕ್ಕೆ ನಾಲ್ಕು ಎಂಬ ದರದ ಅರ್ಥ, ಐದು ಸಲ ಆಡಿದರೆ ಒಂದು ಸಲ ಅವನು ಗೆಲ್ಲಬೇಕು, ಅಂದರೆ ನೂರಕ್ಕೆ ಇಪ್ಪತ್ತು. ಒಂದಕ್ಕೆ ನಲವತ್ತೊಂಬತ್ತು ಎಂದರೆ ನೂರಕ್ಕೆ ಎರಡು. ಹೀಗೆ 156 ಮಂದಿಯ ಶೇಕಡಾವಾರನ್ನೂ ಕೂಡಿದರೆ ನ್ಯಾಯವಾಗಿ ನೂರು ಬರಬೇಕು. ಗೆಲ್ಲುವವನು ಒಬ್ಬನೇ ತಾನೆ! ಅಂಗಡಿಯ ದರಪಟ್ಟಿಯನ್ನು ಕೂಡಿದರೆ ಆ ಮೊತ್ತ ನೂರಮೂವತ್ತು, ನೂರನಲವತ್ತು ಆಗುವುದು ಸಾಮಾನ್ಯ. ನೂರರ ಮೇಲಿನದು ಬುಕ್ಕಿಯ ಪಾಲು. ಆಟಗಾರರ ಸಂಖ್ಯೆ ಹೆಚ್ಚಿದಷ್ಟೂ ಪ್ರತಿ ಹೆಸರಿನಿಂದ ಚಿಟಿಕೆಯಷ್ಟು ಕಳೆಯುವುದು ಅವನಿಗೆ ಸಲೀಸು. ಒಂದಕ್ಕೆ ಇನ್ನೂರೈವತ್ತು ಇರಬೇಕಾದವನನ್ನು ನೂರೈವತ್ತಕ್ಕೆ ಮಾರಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದಲೇ ‘ಯಾರು ಗೆಲ್ಲುತ್ತಾರೆ’ ಎಂಬುದು ಬಾಜಿಗಾರನ ಪ್ರಶ್ನೆಯೇ ಅಲ್ಲ. ‘ಯಾರ ದರ ಇರಬೇಕಾದುದಕ್ಕಿಂತ ಹೆಚ್ಚಿದೆ’ ಎಂಬುದೇ ಪ್ರಶ್ನೆ. ಅದಕ್ಕೆ ಉತ್ತರ ಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಕುದುರೆಯ ಬಾಲ ಹಿಡಿದವರೆಲ್ಲ ಸವಾರರಾಗುವುದಿಲ್ಲ.

ಗಾಲ್ಫ್ ಬಾಜಿ ಲಾಟರಿಗಿಂತ ಅಪಾಯಕರ ಎಂದು ನನಗೆ ಅನ್ನಿಸುವುದೂ ಇದೇ ಕಾರಣಕ್ಕೆ. ಲಾಟರಿ ಕೊಳ್ಳುವವನಿಗೆ ತನಗೇನೂ ತಿಳಿದಿಲ್ಲ ಎಂಬುದು ತಿಳಿದಿರುತ್ತದೆ. ಇಲ್ಲಿ ಗಾಳಿ, ಅಂಗಳ, ಆಟಗಾರನ ಕೈಗುಣ ಎಲ್ಲವನ್ನೂ ಓದಿಕೊಂಡವನಿಗೆ ಆ ತಿಳಿವಳಿಕೆ ನಿಜವಾಗಿಯೂ ಇರುತ್ತದೆ. ಬುಕ್ಕಿಯ ಮೂವತ್ತು ನಲವತ್ತನ್ನು ದಾಟಲು ಅದು ಸಾಲದು, ಅಷ್ಟೆ. ನಮ್ಮ ಬಡಾವಣೆಯ ಯುವಕನೊಬ್ಬ ಕ್ರಿಕೆಟ್ ಅಂಕಿಅಂಶಗಳನ್ನು ಬಾಯಿಪಾಠ ಒಪ್ಪಿಸಬಲ್ಲವನಾಗಿದ್ದ. ಮೊಬೈಲ್‌ನಲ್ಲಿ ತಂಡ ಕಟ್ಟಿ, ಹಣ ಕಟ್ಟಿ, ಎರಡು ಐಪಿಎಲ್ ಕಳೆಯುವಷ್ಟರಲ್ಲಿ ತಂದೆ ನಿವೇಶನ ಮಾರಬೇಕಾಯಿತು. ಅವನಿಗೆ ಕ್ರಿಕೆಟ್ ತಿಳಿದಿರಲಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದ್ದೋ ಅದೃಷ್ಟದ್ದೋ ಎಂಬ ಭೇದವೆಣಿಸದೆ ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ನೀಡಿತು. ರಾಷ್ಟ್ರಪತಿಗಳ ಅಂಕಿತವೂ ಅದೇ ತಿಂಗಳು ಬಿತ್ತು. ಅಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿಯವರೆಗೆ ದಂಡ. ಕೌಶಲದ ಆಟವನ್ನು ಜೂಜಿನೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಿದ್ದು ಅನ್ಯಾಯ ಎಂಬ ವಾದವನ್ನು ನಾನು ಬಲ್ಲೆ. ನಿವೇಶನ ಮಾರಿದ ಆ ತಂದೆಯ ಮುಂದೆ ಕುಳಿತು ಆ ವಾದ ಮಂಡಿಸುವುದು ಮಾತ್ರ ನನ್ನಿಂದಾಗದು. ಬಾಜಿಯನ್ನು ಮರ್ಯಾದೆಯ ಉದ್ಯಮವೆಂದು ಭಾವಿಸುವ ಬ್ರಿಟನ್ ಕೂಡ 2020ರ ಏಪ್ರಿಲ್‌ನಲ್ಲಿ ಕ್ರೆಡಿಟ್ ಕಾರ್ಡ್‌ನಿಂದ ಬಾಜಿ ಕಟ್ಟುವುದನ್ನು ನಿಲ್ಲಿಸಿತು.

ನೋಟ್‌ಪುಸ್ತಕಕ್ಕೆ ಯಾವ ಕಾಯ್ದೆಯ ಅಡ್ಡಿಯೂ ಇಲ್ಲ. ಸೇಂಟ್ ಆಂಡ್ರೂಸ್‌ಗೆಂದು ನಾನು ಬರೆದಿಟ್ಟಿರುವುದನ್ನು ಓದುಗರ ಮುಂದಿಡುತ್ತೇನೆ. ಸ್ಕಾಟಿ ಷೆಫ್ಲರ್ ಹೆಸರು ಅದರಲ್ಲಿಲ್ಲ. 2025ರಲ್ಲಿ ಪೋರ್ಟ್‌ರಷ್‌ನಲ್ಲಿ ನಾಲ್ಕು ಹೊಡೆತಗಳಿಂದ ಓಪನ್ ಗೆದ್ದ ಅವರು ಮತ್ತೆ ಗೆಲ್ಲಲೂಬಹುದು. ಆದರೆ ಒಂದಕ್ಕೆ ನಾಲ್ಕೈದರ ದರದಲ್ಲಿ 155 ಮಂದಿಯನ್ನೂ ಗಾಳಿಯನ್ನೂ ಎದುರು ಹಾಕಿಕೊಳ್ಳುವುದು ನನಗೆ ದುಬಾರಿಯಾಗಿ ಕಾಣುತ್ತದೆ. ಮೊದಲ ಹೆಸರು ಟಿರೆಲ್ ಹ್ಯಾಟನ್. ಪ್ರತಿ ಶರತ್ಕಾಲ ಇದೇ ಊರಿನ ಸುತ್ತ ನಡೆಯುವ ಡನ್‌ಹಿಲ್ ಲಿಂಕ್ಸ್ ಟೂರ್ನಿಯನ್ನು ಅವರು 2016, 2017 ಮತ್ತು 2024ರಲ್ಲಿ ಗೆದ್ದಿದ್ದಾರೆ. 2025ರಲ್ಲಿ ಅದನ್ನು ಗೆದ್ದ ಸ್ಕಾಟ್ಲೆಂಡ್‌ನ ಎಡಗೈ ಆಟಗಾರ ರಾಬರ್ಟ್ ಮ್ಯಾಕಿಂಟೈರ್ ಎರಡನೆಯವರು. ಬಿರುಗಾಳಿಯಿಂದ ಆ ಟೂರ್ನಿ ಮೂರೇ ಸುತ್ತಿಗೆ ಇಳಿದಿತ್ತು, ಗಾಳಿಗೆ ಅಂಜದವರೆಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. ತವರಿನ ಅಭಿಮಾನಿಗಳು ಅವರ ದರವನ್ನು ಕೆಳಗಿಳಿಸುವ ಭಯವಂತೂ ಇದೆ. ಡನ್‌ಹಿಲ್‌ನಲ್ಲಿ ಹವ್ಯಾಸಿಗಳೂ ಜತೆಗೆ ಆಡುವುದರಿಂದ ಅಂಗಳವನ್ನು ಅಷ್ಟು ಕಠಿಣಗೊಳಿಸುವುದಿಲ್ಲ ಎಂಬ ಆಕ್ಷೇಪವನ್ನೂ ಒಪ್ಪುತ್ತೇನೆ. ಟಾಮಿ ಫ್ಲೀಟ್‌ವುಡ್ 2022ರಲ್ಲಿ ಇಲ್ಲಿ ನಾಲ್ಕನೆಯ ಸ್ಥಾನ ಹಂಚಿಕೊಂಡವರು, ಈಚ್ ವೇ ಲೆಕ್ಕಕ್ಕೆ ಹೇಳಿ ಮಾಡಿಸಿದಂತಿದ್ದಾರೆ. ನಾಲ್ಕನೆಯವರು ಮೆಕಿಲ್‌ರಾಯ್. ಇಲ್ಲಿ ಆಡಿದ ಎರಡು ಓಪನ್‌ಗಳಲ್ಲೂ ಮೂರನೆಯ ಸ್ಥಾನ ಕಂಡವರನ್ನು ಬಿಡುವುದು ಹೇಗೆ? 2015ರಲ್ಲಿ ಗೆಳೆಯರೊಂದಿಗೆ ಫುಟ್‌ಬಾಲ್ ಆಡಿ ಕಾಲು ಉಳುಕಿಸಿಕೊಳ್ಳದಿದ್ದರೆ ಮೂರು ಸಲ ಎಂದು ಬರೆಯುತ್ತಿದ್ದೆನೇನೋ.

ಬೆಂಗಳೂರಿನಲ್ಲಿ ಆಟ ಪಳಗಿಸಿಕೊಂಡ ಅನಿರ್ಬನ್ ಲಾಹಿರಿ 2012ರ ಲಿಥಮ್ ಓಪನ್‌ನಲ್ಲಿ ಒಂಬತ್ತನೆಯ ಕುಳಿಯನ್ನು ಒಂದೇ ಹೊಡೆತದಲ್ಲಿ ಮುಗಿಸಿದ್ದರು. ಹಾಗಾಗಿ ಐದನೆಯ ಸಾಲನ್ನು ನಮ್ಮವರಿಗೇ ಮೀಸಲಿಡಬೇಕೆಂದು ಗೆಳೆಯರ ಒತ್ತಾಯ. ಆದರೆ ಅಭಿಮಾನಕ್ಕೆ ಬುಕ್ಕಿ ದರ ಹೆಚ್ಚಿಸಿ ಕೊಡುವುದಿಲ್ಲ. ಆ ಸಾಲನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ. ಆಟಗಾರರ ಹೊರಡುವ ಸಮಯದ ಪಟ್ಟಿ ಪ್ರಕಟವಾಗಲಿ, ಗುರುವಾರ ಶುಕ್ರವಾರಗಳ ಗಾಳಿಯ ಮುನ್ಸೂಚನೆ ಬರಲಿ. ಆಮೇಲೆ ಆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಒಳ್ಳೆಯ ಹೊತ್ತಿನಲ್ಲಿ ಹೊರಡುವ, ಒಂದಕ್ಕೆ ನೂರಕ್ಕೂ ಮೇಲಿನ ದರದ, ದೂರದಿಂದ ಪಟ್ ಮಾಡಬಲ್ಲ ಒಬ್ಬನನ್ನು ಹುಡುಕುತ್ತೇನೆ.