ಕಾವಲಿನ ಗೋಡೆ, ಆಕಾಶದ ಕಣ್ಣು

2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದೀಕೆರೆಯ ಹೊಲವೊಂದರಲ್ಲಿ ಡಿಆರ್‌ಡಿಒ ಸಂಸ್ಥೆಯ ‘ತಪಸ್’ ಮಾನವರಹಿತ ವಿಮಾನ ಬಿದ್ದು ಚೂರಾಯಿತು. 2019ರ ಸೆಪ್ಟೆಂಬರ್‌ನಲ್ಲಿ ನಮ್ಮ ಜಿಲ್ಲೆಯದೇ ಜೋಡಿಚಿಕ್ಕೇನಹಳ್ಳಿಯ ಜಮೀನಿನಲ್ಲಿಯೂ ಇಂಥದೇ ವಿಮಾನ ಉರುಳಿತ್ತು. ಎರಡೂ ಬಾರಿ ಪ್ರಾಣಹಾನಿಯಾಗಲಿಲ್ಲ. ಪರೀಕ್ಷಾ ಹಾರಾಟಗಳಲ್ಲಿ ಇಂಥವು ಸಹಜ ಎಂಬುದನ್ನೂ ಒಪ್ಪೋಣ. ಬಹು ಎತ್ತರದಲ್ಲಿ ಗಂಟೆಗಟ್ಟಲೆ ಹಾರುತ್ತ ನೆಲವನ್ನು ದಿಟ್ಟಿಸುವುದು ಈ ವಿಮಾನದ ಕೆಲಸ. ನೋಡುವುದಕ್ಕೆಂದೇ ತಯಾರಾದ ಯಂತ್ರವೊಂದನ್ನು, ಅದರ ಕೆಳಗೆ ಬದುಕುವ ಜನ ಮೊದಲ ಬಾರಿಗೆ ಹತ್ತಿರದಿಂದ ನೋಡಿದ್ದು ಅದು ಕೆಟ್ಟು ಬಿದ್ದಾಗ.

ಈ ವಿಮಾನಗಳ ನೆಲೆ ಚಳ್ಳಕೆರೆ ತಾಲ್ಲೂಕಿನ ಕುದಾಪುರ, ವರವು, ಉಳ್ಳಾರ್ತಿ ಸುತ್ತಿನ ಅಮೃತಮಹಲ್ ಕಾವಲು. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯ ದನಗಳಿಗೆಂದು ಮೀಸಲಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಹುಲ್ಲುಗಾವಲುಗಳಿವು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಕುರಿ, ಮೇಕೆ, ದನಗಳಿಗೆ ಕಾವಲೇ ಆಸರೆ; ಚಳ್ಳಕೆರೆ ಕಂಬಳಿಯ ಉಣ್ಣೆಯ ಮೂಲವೂ ಇದೇ. ಈ ಶತಮಾನದ ಮೊದಲ ದಶಕದ ಕೊನೆಯ ವರ್ಷಗಳಲ್ಲಿ ರಾಜ್ಯ ಸರ್ಕಾರ ಇದರಲ್ಲಿ ಸುಮಾರು 10 ಸಾವಿರ ಎಕರೆಯನ್ನು ಹಂಚಿತು. ಡಿಆರ್‌ಡಿಒಗೆ 4 ಸಾವಿರ ಎಕರೆಗೂ ಹೆಚ್ಚು, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,800 ಎಕರೆಗೂ ಹೆಚ್ಚು, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ಇಸ್ರೊಗೂ ಪಾಲು ಸಿಕ್ಕಿತು. ಸುತ್ತಲಿನ ಹಳ್ಳಿಗಳ ದೂರು ಅಂದಿನಿಂದಲೂ ಒಂದೇ: ತಮ್ಮನ್ನು ಯಾರೂ ಕೇಳಲಿಲ್ಲ, ಬೇಲಿ ಬಂದ ಮೇಲೆಯೇ ವಿಷಯ ತಿಳಿಯಿತು. ಬೇಲಿಯ ಹಿಂದೆಯೇ ಗೋಡೆಯೂ ಎದ್ದಿತು.

ಚಿತ್ರದುರ್ಗದ ನಮಗೆ ಗೋಡೆ ಹೊಸದಲ್ಲ. ಏಳು ಸುತ್ತಿನ ಕೋಟೆಯ ನೆರಳಿನಲ್ಲಿ ಬೆಳೆದವರು ರಕ್ಷಣೆಗೆ ಗುಟ್ಟು ಬೇಡವೆಂದು ವಾದಿಸುವುದು ಕಷ್ಟ. ವಿಮಾನದ ಕ್ಯಾಮೆರಾ ಎಷ್ಟು ದೂರ ಕಾಣುತ್ತದೆ, ಅಣು ಘಟಕದ ಒಳಗಿನ ವಿನ್ಯಾಸವೇನು ಎಂದು ಯಾವ ಕುರಿಗಾಹಿಯೂ ಕೇಳಿದ್ದಿಲ್ಲ. ಅವನ ಪ್ರಶ್ನೆಗಳೇ ಬೇರೆ. ಮೇವಿನ ನೆಲ ಎಷ್ಟು ಉಳಿಯಿತು? ದನ ಹೋಗುತ್ತಿದ್ದ ದಾರಿ ಏನಾಯಿತು? ಒಳಗಿನ ಊರಿಗೆ ನೀರು ಎಲ್ಲಿಂದ, ನಮ್ಮ ಕೊಳವೆಬಾವಿಯ ಗತಿಯೇನು? ಇವು ಶತ್ರುದೇಶಕ್ಕೆ ಉಪಯೋಗವಾಗುವ ಮಾಹಿತಿಯಲ್ಲ. ಜನರನ್ನು ಬಾಧಿಸುವ ನಿರ್ಧಾರಗಳ ಎಲ್ಲ ಸಂಗತಿಗಳನ್ನೂ ಸರ್ಕಾರ ತಾನಾಗಿಯೇ ಪ್ರಕಟಿಸಬೇಕು ಎನ್ನುತ್ತದೆ, 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್. ಕೇಂದ್ರಕ್ಕಿಂತ ಮೊದಲೇ, 2000ದಲ್ಲಿ, ಇಂಥ ಕಾಯ್ದೆ ಮಾಡಿದ ರಾಜ್ಯ ನಮ್ಮದು. ಆ ಹಿರಿಮೆ ಕಾವಲಿನ ಅಂಚಿಗೆ ತಲುಪಿದಂತಿಲ್ಲ.

ಅದೇ ಕಾಯ್ದೆಯ 24ನೇ ಸೆಕ್ಷನ್ ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳನ್ನು ಹೊರಗಿಡುತ್ತದೆ. ಡಿಆರ್‌ಡಿಒ ಆ ಪಟ್ಟಿಯಲ್ಲಿದೆ. ಆದರೆ ಭೂಮಿ ಕೊಟ್ಟದ್ದು ಕಂದಾಯ ಇಲಾಖೆ. ಕಂದಾಯ ಇಲಾಖೆ ಯಾವ ಗುಪ್ತಚರ ಪಟ್ಟಿಯಲ್ಲಿಯೂ ಇಲ್ಲ! ಕೊನೆಗೆ ಪ್ರಕರಣ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠವನ್ನೇರಿತು. 2013ರಲ್ಲಿ ಸತ್ಯಶೋಧನೆಗೆ ಸಮಿತಿ ರಚನೆಯಾಯಿತು. 2014ರಲ್ಲಿ ಷರತ್ತುಗಳೊಡನೆ ಯೋಜನೆಗಳಿಗೆ ದಾರಿ ತೆರೆಯಿತು. 2015ರ ಡಿಸೆಂಬರ್‌ನಲ್ಲಿ ಅಮೆರಿಕದ ‘ಫಾರಿನ್ ಪಾಲಿಸಿ’ ನಿಯತಕಾಲಿಕ ಚಳ್ಳಕೆರೆಯಲ್ಲಿ ರಹಸ್ಯ ಅಣು ನಗರವೇ ಏಳುತ್ತಿದೆ ಎಂದು ಬರೆಯಿತು. ಅದು ನಿಜವೋ ಉತ್ಪ್ರೇಕ್ಷೆಯೋ, ಆ ಚರ್ಚೆ ಬೇರೆ. ಉಳ್ಳಾರ್ತಿಯ ಪಕ್ಕದಲ್ಲಿ ಏನು ನಡೆಯುತ್ತಿದೆ ಎಂಬ ಸುದ್ದಿ ವಾಷಿಂಗ್ಟನ್ ಸುತ್ತಿ ಉಳ್ಳಾರ್ತಿಗೆ ಬರಬೇಕಾಯಿತಲ್ಲ, ಅದು ನನ್ನನ್ನು ಕಾಡುವ ಸಂಗತಿ.

ಪ್ರಜೆಯ ಗುಟ್ಟಿನ ವಿಷಯದಲ್ಲಿ ಮಾತ್ರ ಪ್ರಭುತ್ವಕ್ಕೆ ಇಂಥ ಸಂಕೋಚ ಎಂದೂ ಇದ್ದಂತಿಲ್ಲ. ದೂರವಾಣಿ ಕದ್ದಾಲಿಕೆಯ ಆರೋಪದಿಂದ 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದನ್ನು ಹಿರಿಯ ಓದುಗರು ಮರೆತಿರಲಾರರು. 2019ರಲ್ಲಿ ಮತ್ತೊಂದು ಕದ್ದಾಲಿಕೆ ಆರೋಪ ಸಿಬಿಐ ಕೈಸೇರಿತು. ಖಾಸಗಿತನಕ್ಕೆ ಮೂಲಭೂತ ಹಕ್ಕಿನ ಮಾನ್ಯತೆ ದೊರಕಿಸಿದ್ದೂ ಒಬ್ಬ ಕನ್ನಡಿಗರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ಹಕ್ಕನ್ನು ಎತ್ತಿಹಿಡಿಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಪ್ರಜೆಗಾಗಿ ಗಳಿಸಿದ ಆ ಹಕ್ಕನ್ನು ಈಗ ಸರ್ಕಾರವೇ ಹೊದ್ದುಕೊಳ್ಳುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತನ್ನ 44ನೇ ಸೆಕ್ಷನ್ ಮೂಲಕ ಮಾಹಿತಿ ಹಕ್ಕು ಕಾಯ್ದೆಯನ್ನು ತಿದ್ದಿತು. ಸಾರ್ವಜನಿಕ ಚಟುವಟಿಕೆಗೆ ಸಂಬಂಧಿಸಿರದ ವೈಯಕ್ತಿಕ ಮಾಹಿತಿಯನ್ನು ಮಾತ್ರ ನಿರಾಕರಿಸಬಹುದೆಂಬ ಹಳೆಯ ಮಿತಿ ಹೋಯಿತು; ವೈಯಕ್ತಿಕವೆಂದರೆ ಸಾಕು, ಅಧಿಕಾರಿ ಬಾಗಿಲು ಮುಚ್ಚಬಹುದು. ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಲು 8ನೇ ಸೆಕ್ಷನ್ನಿನ ಎರಡನೇ ಉಪವಿಧಿ ಉಳಿದಿದೆಯಲ್ಲ ಎನ್ನುತ್ತಾರೆ. ಉಳಿದಿದೆ, ನಿಜ. ಅದನ್ನು ಬಳಸುವ ಧೈರ್ಯ ಯಾವ ಕಚೇರಿಯ ಮಾಹಿತಿ ಅಧಿಕಾರಿಗೆ ಬರುತ್ತದೆಂಬುದನ್ನು ಅರ್ಜಿ ಹಾಕಿ ಅಲೆದವರನ್ನು ಕೇಳಬೇಕು. ನಮ್ಮ ಶೇಂಗಾ ಬೆಳೆಗಾರನ ಉದಾಹರಣೆ ನೋಡಿ. ಮಳೆ ಕೈಕೊಟ್ಟ ವರ್ಷ ಬೆಳೆ ಪರಿಹಾರ ಯಾರಿಗೆ ಬಂತು, ಭೂಮಿಯೇ ಇಲ್ಲದವರ ಖಾತೆಗೆ ಹೋಯಿತೇ ಎಂದು ತಿಳಿಯಲು ಹೆಸರಿನ ಪಟ್ಟಿ ಬೇಕು. ಹೆಸರು ವೈಯಕ್ತಿಕ ಮಾಹಿತಿಯೆಂದರೆ ಅಲ್ಲಿಗೆ ಮುಗಿಯಿತು. ಇನ್ನು, ಇದೇ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ತನಗೆ ಬೇಕಾದ ತನ್ನ ಸಂಸ್ಥೆಗಳನ್ನು ಭದ್ರತೆಯ ಕಾರಣಕ್ಕೆ ಪೂರ್ತಿ ವಿನಾಯಿತಿಗೊಳಿಸಬಹುದು. ಎಂದರೆ, ನಮ್ಮ ದತ್ತಾಂಶ ಅವರಿಗೆ ತೆರೆದಿರುತ್ತದೆ, ಅವರ ಕಡತ ನಮಗೆ ಮುಚ್ಚಿರುತ್ತದೆ.

ಚಳ್ಳಕೆರೆಯ ಗೋಡೆಯನ್ನು ಯಾರೂ ಕೆಡವಬೇಕಿಲ್ಲ. 2023 ಮತ್ತು 2024ರಲ್ಲಿ ಇಸ್ರೊದ ಮರುಬಳಕೆ ವಾಹನ ಅದೇ ಓಡುದಾರಿಯಲ್ಲಿ ಇಳಿದಾಗ ಜಿಲ್ಲೆಯ ನಾವೆಲ್ಲ ಹೆಮ್ಮೆಪಟ್ಟೆವು. ಹಂಚಿಕೆಯಾದ ಎಕರೆಗಳ ನಕ್ಷೆ, ಉಳಿದ ಮೇವಿನ ನೆಲದ ಸರ್ವೆ ನಂಬರು, ನೀರಿನ ಮೂಲ ಮತ್ತು ಪ್ರಮಾಣ, ವಿಮಾನ ಬಿದ್ದರೆ ಪರಿಹಾರಕ್ಕೆ ಯಾರ ಬಳಿ ಹೋಗಬೇಕೆಂಬ ವಿವರ, ಇಷ್ಟನ್ನು ಕನ್ನಡದಲ್ಲಿ ಬರೆದು ಸುತ್ತಲಿನ ಪಂಚಾಯಿತಿಗಳ ಗೋಡೆಗೆ ಹಚ್ಚಲು ಯಾವ ತಿದ್ದುಪಡಿಯೂ ಬೇಕಿಲ್ಲ. 4ನೇ ಸೆಕ್ಷನ್ ಇನ್ನೂ ಜಾರಿಯಲ್ಲಿದೆ.